ಎರಡನೆಯ ರೂಟರಿಗೆ ಗೊತ್ತಿಲ್ಲದ ಊರು

ಅರ್ಧ ಗಂಟೆಯಿಂದ ಒಂದೇ ಸಾಲನ್ನು ಓದುತ್ತಾ ಕುಳಿತಿದ್ದೇನೆ ಎಂಬುದು ದೇವಸಹಾಯಂಗೆ ತಿಳಿದದ್ದು ಕಣ್ಣು ಉರಿಯತೊಡಗಿದ ಮೇಲೆ. ನೆಟ್‌ವರ್ಕ್ ಕೋಣೆಯ ಬಾಗಿಲನ್ನು ಅವನೇ ಮುಚ್ಚಿಕೊಂಡಿದ್ದ. ಪರದೆಯ ಎಡಗಡೆ ಮೊದಲನೆಯ ರೂಟರಿಗೆ ಅವನೇ ಬರೆದುಕೊಟ್ಟ ಆಜ್ಞೆಗಳ ಪಟ್ಟಿ, ಬಲಗಡೆ ಎರಡನೆಯದರ ಪಟ್ಟಿ. ಎರಡೂ ಒಂದಕ್ಕೊಂದು ಹೊಂದಬೇಕು. ಎಡಗಡೆಯ ನೂರ ಹದಿನಾಲ್ಕನೆಯ ಸಾಲಿನಲ್ಲಿ ಉವರಿ ಎಂಬ ಊರಿಗೆ ಹೋಗುವ ದಾರಿ ಇತ್ತು. ಬಲಗಡೆ ಆ ಜಾಗದಲ್ಲಿ ಏನೂ ಇರಲಿಲ್ಲ. ಇಲ್ಲದಿರುವುದನ್ನು ಎಷ್ಟು ಹೊತ್ತು ನೋಡಿದರೂ ಅದು ಬರುವುದಿಲ್ಲ ಎಂದು ಗೊತ್ತಿದ್ದೂ ಅವನು ನೋಡುತ್ತಿದ್ದ. ಬೆನ್ನ ಹಿಂದಿನ ಕಪಾಟಿನಲ್ಲಿ ರೂಟರುಗಳೆಂಬ ಆ ಎರಡು ಕಪ್ಪು ಪೆಟ್ಟಿಗೆಗಳು, ಮೊದಲನೆಯದರ ಕೆಳಗೆ ಎರಡನೆಯದು, ಕುಳಿತು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಪಾಳೆಯಂಕೋಟೆಯ ಈ ಆಸ್ಪತ್ರೆಯಿಂದ ಹೊರಗೆ ಹೋಗುವ ಒಂದೊಂದು ಮಾತೂ, ಒಂದೊಂದು ಚಿತ್ರವೂ ಮೇಲಿನದರ ಮೂಲಕವೇ ಹೋಗಬೇಕು. ಮೇಲಿನದು ಮೂರು ಸೆಕೆಂಡಿಗೊಮ್ಮೆ ಕೆಳಗಿನದಕ್ಕೆ 'ಇದ್ದೇನೆ' ಎಂದು ಹೇಳುತ್ತದೆ. ಹತ್ತು ಸೆಕೆಂಡಿನವರೆಗೆ ಆ ಮಾತು ಬರದೇಹೋದರೆ ಕೆಳಗಿನದು ಮೇಲಿನದರ ವಿಳಾಸವನ್ನೇ ತನ್ನದೆಂದು ಸಾರಿ ಕೆಲಸಕ್ಕೆ ನಿಂತುಬಿಡುತ್ತದೆ. ಇವತ್ತು ಹನ್ನೊಂದು ಗಂಟೆಗೆ, ಆಸ್ಪತ್ರೆಗೆ ಮಾನ್ಯತೆ ಕೊಡುವ ತಂಡದ ಎದುರಿಗೆ, ಮೇಲಿನದರ ಸ್ವಿಚ್ ಆರಿಸಿ, ಕೆಳಗಿನದು ಕೆಲಸಕ್ಕೆ ನಿಲ್ಲುವುದನ್ನು ತೋರಿಸಬೇಕಾಗಿತ್ತು.

ಎಂಟು ತಿಂಗಳ ಹಿಂದೆ ಉವರಿಯ ಸಣ್ಣ ಆಸ್ಪತ್ರೆ ಇವರ ಜೊತೆ ಸೇರಿತ್ತು. ಸಮುದ್ರದ ದಡದ ಊರು, ನಾಲ್ಕೇ ಹಾಸಿಗೆಯ ಐಸಿಯು, ರಾತ್ರಿ ಹಗಲು ಇರಲು ಅಲ್ಲಿಗೆ ಹೃದಯದ ಡಾಕ್ಟರು ಸಿಗುವುದಿಲ್ಲ. ಇಲ್ಲಿ ಗಾಜಿನ ಕೋಣೆಯಲ್ಲಿ ಡಾಕ್ಟರು ಕೂತು ಪರದೆಯ ಮೇಲೆ ಅಲ್ಲಿಯ ರೋಗಿಗಳ ನಾಡಿ ನೋಡುತ್ತಾ ಅಲ್ಲಿಯ ನರ್ಸಿಗೆ ಹೇಳುತ್ತಾ ಹೋಗುವುದು. ಆವತ್ತು ಅವನು ಉವರಿಯ ದಾರಿಯನ್ನು ಮೊದಲನೆಯದಕ್ಕೆ ಬರೆದು, ಎರಡನೆಯದಕ್ಕೆ ಊಟವಾದ ಮೇಲೆ ಬರೆದರಾಯಿತು ಎಂದುಕೊಂಡಿದ್ದ. ಊಟವಾದ ಮೇಲೆ ರಕ್ತಪರೀಕ್ಷೆಯವರ ಪ್ರಿಂಟರ್ ಕೆಟ್ಟಿತು. ಮರುದಿನ ಭಾನುವಾರ. ಆಮೇಲೆ ಮರೆತ ಎಂದು ಹೇಳುವ ಹಾಗಿಲ್ಲ. ಮರೆತಿದ್ದರೆ ಯಾವಾಗಲಾದರೂ ನೆನಪಾಗುತ್ತಿತ್ತು. ಅವನು ಎರಡನೆಯ ರೂಟರಿನ ಕಡೆಗೆ ಹೋಗುವುದನ್ನೇ ಬಿಟ್ಟಿದ್ದ, ಸಾಲ ಕೊಟ್ಟವನ ಬೀದಿಯನ್ನು ಬಿಟ್ಟು ಸುತ್ತಿ ಹೋಗುವವನ ಹಾಗೆ. ಎರಡು ವರ್ಷದ ಹಿಂದೆ ಹೀಗೇ ಒಂದು ಮಧ್ಯಾಹ್ನ ಪರೀಕ್ಷೆಗೆಂದು ಕೈ ಹಾಕಿದಾಗ ಅವನ ಒಂದು ತಪ್ಪು ಅಂಕಿಯಿಂದ ಎರಡು ಪೆಟ್ಟಿಗೆಗಳೂ ತಾನೇ ಯಜಮಾನ ಎಂದು ನಿಂತು, ಇಪ್ಪತ್ತು ನಿಮಿಷ ಇಡೀ ಆಸ್ಪತ್ರೆ ಕಕ್ಕಾಬಿಕ್ಕಿಯಾಗಿತ್ತು. ಹೊರರೋಗಿಗಳು ಸಾಲುಗಟ್ಟಿದ್ದ ಮೊಗಸಾಲೆಯಲ್ಲಿ ದೊಡ್ಡ ಸರ್ಜನ್ನರು ಅವನನ್ನು ನಿಲ್ಲಿಸಿಕೊಂಡು, "ಇವನ ಕೈಗೆ ಪ್ಲಗ್ ಕೊಟ್ಟವರು ಯಾರ್ರೀ? ಪೊರಕೆ ಕೊಟ್ಟಿದ್ರೆ ನೆಲವಾದ್ರೂ ಚೊಕ್ಕಟ ಇರ್ತಿತ್ತು," ಎಂದಿದ್ದರು. ಯಾರೋ ನಕ್ಕರು. ಅವನಿಗೆ ನೆನಪಿರುವುದು ನಕ್ಕವರಲ್ಲ. ಹದಿನೆಂಟು ವರ್ಷದಿಂದ ಚಹಾ ಕೊಡುತ್ತಿದ್ದ ಸೊರ್ಣತಾಯಿ, ಕೆಟಲನ್ನು ಹಿಡಿದು ಬರುತ್ತಿದ್ದವಳು, ಅವನನ್ನು ನೋಡಲಿಲ್ಲವೆಂದು ತೋರಿಸಿಕೊಳ್ಳಲು ಗೋಡೆಯ ಕಡೆ ತಿರುಗಿ ನಿಂತಳು. ಆ ಮರ್ಯಾದೆಯನ್ನು ಅವನು ಇನ್ನೂ ತಡೆದುಕೊಳ್ಳಲಾರ.

ಆಮೇಲೆ ಮೂರು ತಿಂಗಳಿಗೊಮ್ಮೆ ಪರೀಕ್ಷೆಯ ದಿನ ಬಂದಾಗ ಅವನು ಕೋಣೆಯ ಬಾಗಿಲು ಹಾಕಿಕೊಂಡು ಒಂದು ಗಂಟೆ ಸುಮ್ಮನೆ ಕೂತು ಎದ್ದು ಬಂದು ಪುಸ್ತಕದಲ್ಲಿ ಬರೆಯುತ್ತಿದ್ದ: 'ಮೊದಲನೆಯದನ್ನು ಆರಿಸಲಾಯಿತು. ಎರಡನೆಯದು ಒಂಬತ್ತು ಸೆಕೆಂಡಿನಲ್ಲಿ ಕೆಲಸ ವಹಿಸಿಕೊಂಡಿತು.' ಏಳು ಸಲ ಹಾಗೆ ಬರೆದು ಸಹಿ ಮಾಡಿದ್ದ. ಪ್ರತಿ ಸಲವೂ ಒಂಬತ್ತೆಂದರೆ ಅನುಮಾನ ಬಂದೀತೆಂದು ಒಮ್ಮೆ ಹನ್ನೊಂದು, ಒಮ್ಮೆ ಹತ್ತು. ಸುಳ್ಳಿಗಿಂತ ಆ ಹನ್ನೊಂದೇ ಈಗ ಅವನನ್ನು ಚುಚ್ಚುತ್ತಿತ್ತು. ಹೆದರಿ ಸುಳ್ಳು ಬರೆದವನು ಒಂಬತ್ತನ್ನೇ ಬರೆಯುತ್ತಾನೆ. ಹನ್ನೊಂದು ಬರೆಯುವುದಕ್ಕೆ ಬೇರೆಯ ಬುದ್ಧಿ ಬೇಕು.

ಈಗ ಬರೆದುಬಿಡಬಹುದು. ಒಂದೇ ಸಾಲು. ಅವನು ಬಲಗಡೆ ಆ ಸಾಲನ್ನು ಬೆರಳಿನಲ್ಲಿ ಕುಟ್ಟಿದ, ಉವರಿಯ ಅಂಕಿಗಳು ಬಂದು ನಿಂತವು, ಇನ್ನು ಒಂದು ಗುಂಡಿ ಒತ್ತಬೇಕು. ಒತ್ತಿದರೆ ಯಾರು, ಯಾವ ದಿನ, ಎಷ್ಟು ಗಂಟೆಗೆ ಒತ್ತಿದರು ಎಂಬುದು ಪೆಟ್ಟಿಗೆಯ ಒಳಗೆ ಅವನ ಹೆಸರಿನೊಂದಿಗೆ ಕೂರುತ್ತದೆ. ಹಾಗಾದರೆ ಇಷ್ಟು ದಿನ ಇದು ಇರಲಿಲ್ಲವೆ, ಇರದೆ ಪರೀಕ್ಷೆ ಹೇಗೆ ಪಾಸಾಯಿತು ಎಂದು ಯಾರಾದರೂ ಕೇಳಬಹುದು. ಬೆರಳು ಗುಂಡಿಯ ಮೇಲೆ ಇತ್ತು. ಬಾಗಿಲು ತೆರೆದುಕೊಂಡಿತು.

"ಏನ್ ಅಣ್ಣಾಚಿ, ಬಾಗಿಲು ಹಾಕ್ಕೊಂಡು ಜಪಮಾಲೆನಾ?" ಕಂಪ್ಯೂಟರ್ ವಿಭಾಗಕ್ಕೆ ಹೋದ ವರ್ಷ ಮುಖ್ಯಸ್ಥನಾಗಿ ಬಂದ ಚೆಳಿಯನ್. ದೇವಸಹಾಯಂಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಣ್ಣಾಚಿ ಎನ್ನುವಾಗ ಅಣ್ಣನ ಮೇಲಿನ ಗೌರವಕ್ಕಿಂತ ಹಳೆಯ ಮನುಷ್ಯ ಎಂಬ ತಮಾಷೆಯೇ ಜಾಸ್ತಿ ಇರುತ್ತಿತ್ತು.

"ಇಲ್ಲ ಸಾರ್. ಸುಮ್ನೆ ಒಂದ್ಸಲ ನೋಡ್ತಿದ್ದೆ."

"ನೋಡಿ. ಮುಟ್ಬೇಡಿ. ತಪಾಸಣೆ ಮುಗಿಯೋವರ್ಗೂ ಒಂದಕ್ಷರ ಬದಲಾಗ್ಬಾರ್ದು ಅಂತ ಹೇಳಿದೀನಿ ತಾನೆ? ಯಾರು ಎಷ್ಟೊತ್ತಿಗೆ ಏನು ಬರೆದ್ರು ಅನ್ನೋದನ್ನೆಲ್ಲ ತಂಡದ ಮುಖ್ಯಸ್ಥೆ ಆಯಮ್ಮ ಕೆದಕ್ತಾಳಂತೆ."

ದೇವಸಹಾಯಂ ಸಾಲನ್ನು ಅಳಿಸಿದ. ಒಂದೊಂದೇ ಅಕ್ಷರ ಹಿಂದಕ್ಕೆ ಹೋಯಿತು. "ಸಾರ್, ಆರಿಸೇ ತೋರಿಸ್ಬೇಕಾ? ಪುಸ್ತಕದಲ್ಲಿ ಎಲ್ಲ ಬರ್ದಿದೆಯಲ್ಲ."

"ಪುಸ್ತಕದಲ್ಲಿ ನಮ್ಮಜ್ಜಿಗೆ ಮರುಮದುವೆ ಆಯ್ತು ಅಂತ್ಲೂ ಬರೀಬಹುದು. ಅವರಿಗೆ ಕಣ್ಣಲ್ಲಿ ನೋಡ್ಬೇಕು." ಚೆಳಿಯನ್ ಹೊರಟವನು ನಿಂತ. "ಯಾಕೆ? ಏನಾದ್ರೂ ತೊಂದ್ರೆ ಇದ್ಯಾ? ಈಗ್ಲೇ ಹೇಳಿ."

ಹೇಳಲು ಬಾಯಿ ತೆರೆದದ್ದು ನಿಜ. ಆದರೆ ಬಂದ ಮಾತು, "ಏನಿಲ್ಲ ಸಾರ್," ಎಂಬುದು. ಸ್ವಲ್ಪ ನಕ್ಕ ಕೂಡ.

ಹತ್ತೂ ಕಾಲಿಗೆ ಅವನು ಗಾಜಿನ ಕೋಣೆಗೆ ಹೋದ. ಹಾಸಿಗೆಗಳು ಖಾಲಿ ಇರಬಹುದು. ಉವರಿಯಲ್ಲಿ ಎಷ್ಟೋ ದಿನ ನಾಲ್ಕೂ ಖಾಲಿ ಇರುತ್ತವೆ. ಖಾಲಿ ಹಾಸಿಗೆಗಳ ಊರಿಗೆ ಹತ್ತು ನಿಮಿಷ ದಾರಿ ತಪ್ಪಿದರೆ ಯಾರಿಗೆ ಏನು? ಪರದೆಯ ಮೇಲೆ ನಾಲ್ಕು ಚೌಕ. ಮೂರು ಕಪ್ಪು. ನಾಲ್ಕನೆಯದರಲ್ಲಿ ಬರಿಯ ಮೈಯ ಒಬ್ಬ ಮುದುಕ, ಎದೆಗೆ ಅಂಟಿಸಿದ ತಂತಿಗಳು, ಪಕ್ಕದಲ್ಲಿ ಹಸಿರು ಗೆರೆ, ಒಂದು ಅಂಕಿ. ಮರಿಯಂತೋಣಿ, ಅರುವತ್ತಮೂರು, ಮೀನುಗಾರ. ಬೆಳಗಿನ ಜಾವ ದೋಣಿಯಿಂದ ಬಲೆ ಇಳಿಸುವಾಗ ಎದೆ ಹಿಡಿದುಕೊಂಡು ಮರಳಿನ ಮೇಲೆ ಕೂತವನು. ಡಾಕ್ಟರ್ ಪೂಂಗೋದೈ ಪರದೆಯಲ್ಲಿದ್ದ ನರ್ಸಿನೊಂದಿಗೆ ಮಾತಾಡುತ್ತಲೇ ಇವನ ಕಡೆ ತಿರುಗಿದರು. "ಏನ್ ದೇವಸಹಾಯಂ, ಲೈನ್ ಚೆನ್ನಾಗಿದ್ಯಲ್ಲ? ಇವತ್ತಿಡೀ ಇವರನ್ನ ಬಿಡೋ ಹಾಗಿಲ್ಲ. ನಾಡಿ ಯಾವಾಗ ಬೇಕಾದ್ರೂ ಕುಸೀಬಹುದು."

"ಹನ್ನೊಂದು ಗಂಟೆಗೆ ಒಂದು ಪರೀಕ್ಷೆ ಇದೆ ಡಾಕ್ಟರ್. ಒಂದು... ಒಂದು ಹತ್ತು ಸೆಕೆಂಡು..."

"ಹತ್ತು ಸೆಕೆಂಡು ತಾನೆ? ಕಣ್ಣುಜ್ಜಿಕೊಳ್ಳೋ ಅಷ್ಟು ಹೊತ್ತು. ಮಾಡ್ಕೊಳ್ಳಿ."

ಅವನು ಥ್ಯಾಂಕ್ಸ್ ಹೇಳಿದ. ಹೊರಗೆ ಬಂದು ಕಕ್ಕಸಿಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆದ, ಮತ್ತೆ ತೊಳೆದ. ಹತ್ತು ಸೆಕೆಂಡು ಎಂದದ್ದು ತಾನು, ಆಗಲಿ ಎಂದದ್ದು ಅವರು. ಆದ್ದರಿಂದ ಇನ್ನು ಇದು ತನ್ನೊಬ್ಬನದಲ್ಲ ಎಂಬ ಒಂದು ವಿಚಾರ ಮನಸ್ಸಿನಲ್ಲಿ ಮೂಡಿ ಒಂದು ಕ್ಷಣ ತಂಪೆನಿಸಿತು. ಕನ್ನಡಿಯಲ್ಲಿ ಆ ತಂಪು ಅವನ ಮುಖದ ಮೇಲೆ ಕಾಣಿಸಿದಾಗ ಹೆದರಿಕೆಯಾಯಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಇದೇ ಆಸ್ಪತ್ರೆಯ ಟೆಲಿಫೋನ್ ಹಲಗೆಯ ಮುಂದೆ ಕೂತವನು ಅವನು. ಆಗ ಒಂದು ತಂತಿಯನ್ನು ತಪ್ಪು ತೂತಿಗೆ ಚುಚ್ಚಿದರೆ ತಪ್ಪು ಮನುಷ್ಯನ ಧ್ವನಿ ಕೇಳಿಸುತ್ತಿತ್ತು, "ಯಾರಪ್ಪಾ ನೀನು?" ಎಂದು. ಕ್ಷಮಿಸಿ ಎಂದು ಕಿತ್ತು ಬೇರೆ ಕಡೆ ಚುಚ್ಚಿದರೆ ಮುಗಿಯಿತು. ಈಗ ತಪ್ಪುಗಳಿಗೆ ಧ್ವನಿ ಇಲ್ಲ. ಎಂಟು ತಿಂಗಳು ಸುಮ್ಮನೆ ಕೂತಿರುತ್ತವೆ.

ಹನ್ನೊಂದಕ್ಕೆ ಮಾನ್ಯತೆ ಕೊಡುವ ತಂಡದ ವಸುಮತಿ ಎಂಬ ನರೆಗೂದಲಿನ ಹೆಂಗಸು ತಿರುಚ್ಚಿಯಿಂದ ಬಂದ ಇನ್ನಿಬ್ಬರೊಂದಿಗೆ ನೆಟ್‌ವರ್ಕ್ ಕೋಣೆಗೆ ಬಂದಳು. ಅವಳು ಕೆದಕುವವಳಂತೆ ಕಾಣಲಿಲ್ಲ. ಪುಸ್ತಕವನ್ನು ತಿರುವಿ, ಅವನ ಏಳು ಸಹಿಗಳ ಮೇಲೆ ಬೆರಳಾಡಿಸಿ, "ಕ್ರಮವಾಗಿ ಇಟ್ಟಿದೀರಿ," ಎಂದಳು. ಮಗ ಪರೀಕ್ಷೆಯಲ್ಲಿ ಪಾಸಾದನೆಂದು ಕೇಳಿದ ತಾಯಿಯ ಹಾಗೆ ಚೆಳಿಯನ್ ಬೀಗಿದ. "ಆರಿಸಿ ಅಣ್ಣಾಚಿ." ದೇವಸಹಾಯಂ ಮೊದಲನೆಯದರ ಸ್ವಿಚ್ಚಿನ ಮೇಲೆ ಕೈಯಿಟ್ಟ. ಈಗಲಾದರೂ ಎಂದುಕೊಂಡ. ಕೈ ಒತ್ತಿತು. ಮೇಲಿನ ಪೆಟ್ಟಿಗೆಯ ದೀಪಗಳು ಆರಿದವು, ಗುಂಯ್ ಎನ್ನುವ ಸದ್ದಿನಲ್ಲಿ ಒಂದು ಎಳೆ ಕಡಿಮೆಯಾಯಿತು. ವಸುಮತಿ ಗಡಿಯಾರ ನೋಡುತ್ತಿದ್ದಳು. ಹತ್ತನೆಯ ಸೆಕೆಂಡಿಗೆ ಕೆಳಗಿನ ಪೆಟ್ಟಿಗೆಯ ಹಸಿರು ದೀಪ ಪಟಪಟನೆ ಮಿಟುಕಿತು.

ಎಲ್ಲ ಓಡುತ್ತಿತ್ತು. ಮೊಗಸಾಲೆಯಲ್ಲಿ ಹೆಸರು ಬರೆಸುವ ಕಿಟಕಿಯಲ್ಲಿ ಚೀಟಿಗಳು ಬರುತ್ತಿದ್ದವು, ರಕ್ತದ ವರದಿಗಳು ಬರುತ್ತಿದ್ದವು, ಔಷಧದಂಗಡಿಯ ಸಾಲು ಮುಂದೆ ಸರಿಯುತ್ತಿತ್ತು. ಚೆಳಿಯನ್ ತಂಡವನ್ನು ಒಂದೊಂದು ಕಡೆ ಕರೆದುಕೊಂಡು ಹೋದ. ನಡೆಯುತ್ತಲೇ ದೇವಸಹಾಯಂನ ಹೆಗಲ ಮೇಲೆ ಕೈ ಹಾಕಿ, "ನಮ್ಮ ಅಣ್ಣಾಚಿ ಇಲ್ಲದಿದ್ರೆ ಈ ಆಸ್ಪತ್ರೆ ಇಲ್ಲ ಮೇಡಂ," ಎಂದ. ಈ ಸಲ ಅದರಲ್ಲಿ ತಮಾಷೆ ಇರಲಿಲ್ಲ. ಆ ಕೈಯ ಭಾರ ಹಿತವಾಗಿತ್ತು, ಅದನ್ನು ಅವನು ಆಮೇಲೆ ಯಾರಿಗೂ ಹೇಳಲಿಲ್ಲ. ಗಾಜಿನ ಕೋಣೆಯ ಬಾಗಿಲಲ್ಲಿ ಎಲ್ಲರೂ ನಿಂತರು. ಡಾಕ್ಟರ್ ಪೂಂಗೋದೈ ತಲೆ ಬಗ್ಗಿಸಿ ಯಾವುದೋ ಕೇಸಿನ ಕಾಗದ ಬರೆಯುತ್ತಿದ್ದರು. "ನೋಡಿ ಮೇಡಂ, ಉವರಿ ಕೂಡ," ಎಂದ ಚೆಳಿಯನ್. ಪರದೆಯ ಮೇಲೆ ಮುದುಕ ಇದ್ದ. ನರ್ಸು ಹಾಸಿಗೆಯ ಪಕ್ಕದಲ್ಲಿ ಕೈ ಚಾಚಿ ನಿಂತಿದ್ದಳು. ನಾಡಿಯ ಅಂಕಿ ಎಂಬತ್ತೆರಡು ಎಂದಿತ್ತು. ಡಾಕ್ಟರು ಕತ್ತೆತ್ತಿ ಎಂಬತ್ತೆರಡನ್ನು ನೋಡಿ ಮತ್ತೆ ಬರೆಯತೊಡಗಿದರು.

ನರ್ಸಿನ ಕೈ ಚಾಚಿದಂತೆಯೇ ಇತ್ತು. ಹಸಿರು ಗೆರೆ ಅರ್ಧಕ್ಕೆ ಏರಿ ಅಲ್ಲೇ ನಿಂತಿತ್ತು. ಅಷ್ಟು ಜನರಲ್ಲಿ ಅದು ಸತ್ತ ಚಿತ್ರ ಎಂದು ಗೊತ್ತಿದ್ದವನು ತಾನೊಬ್ಬನೇ ಎಂಬುದು ದೇವಸಹಾಯಂಗೆ ಹೊಳೆಯಿತು. ಸುಮ್ಮನಿದ್ದರೆ ಆಯಿತು. ಇನ್ನೆರಡು ನಿಮಿಷಕ್ಕೆ ಇವರು ಸಾಕು ಎನ್ನುತ್ತಾರೆ, ತಾನು ಹೋಗಿ ಸ್ವಿಚ್ ಒತ್ತುತ್ತೇನೆ, ಪೆಟ್ಟಿಗೆ ಎದ್ದು ಕೂರಲು ನಾಲ್ಕು ನಿಮಿಷ, ಆಮೇಲೆ ಎಂಬತ್ತೆರಡು ಎಂಬತ್ತಮೂರಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮುದುಕನಿಗೆ ಈ ಆರು ನಿಮಿಷದಲ್ಲೇ ಏನಾದರೂ ಆಗಬೇಕೆಂದೇನಿದೆ? ವಸುಮತಿ ಏನೋ ಕೇಳಿದಳು, ಚೆಳಿಯನ್ ಏನೋ ಹೇಳಿ ನಗಿಸಿದ. ಅವನು ಎಂಬತ್ತೆರಡನ್ನು ನೋಡುತ್ತಿದ್ದ. ಅದು ಬದಲಾಗಲಿ ಎಂದು ಬೇಡಿದ, ದೇವರನ್ನಲ್ಲ, ಅಂಕಿಯನ್ನೇ. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಎಂದು ಆಮೇಲೆ ಲೆಕ್ಕ ಹಾಕಬೇಕಾಗಿ ಬಂದಾಗ ಎರಡು ನಿಮಿಷಕ್ಕಿಂತ ಜಾಸ್ತಿ ಎಂದು ಗೊತ್ತಾಯಿತು.

"ಅದು ನಿಂತಿದೆ," ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. "ಆ ಎಂಬತ್ತೆರಡು ಈಗಿನದಲ್ಲ. ಉವರಿ ಹೋಗಿದೆ. ಎರಡನೆಯದಕ್ಕೆ ಉವರಿ ಗೊತ್ತೇ ಇಲ್ಲ."

"ಏನ್ ಮಾತಾಡ್ತಿದೀರಿ ಅಣ್ಣಾಚಿ?" ಚೆಳಿಯನ್‌ನ ಕೈ ಹೆಗಲಿನಿಂದ ಇಳಿಯಿತು.

ಡಾಕ್ಟರು ತಟ್ಟನೆ ತಿರುಗಿದರು. "ಅಮಲಾ! ಅಮಲಾ ಸಿಸ್ಟರ್, ಕೇಳ್ತಿದ್ಯಾ?" ಪರದೆಯ ಮೇಲೆ ಚಾಚಿದ ಕೈ ಅಲ್ಲಾಡಲಿಲ್ಲ. ದೇವಸಹಾಯಂ ಓಡಿದ. ಮೊಗಸಾಲೆಯಲ್ಲಿ ಯಾರಿಗೋ ಡಿಕ್ಕಿ ಹೊಡೆದ, ಬಾಗಿಲು ಒದ್ದು ಒಳಗೆ ಹೋಗಿ ಸ್ವಿಚ್ ಒತ್ತಿದ. ಪೆಟ್ಟಿಗೆ ತನ್ನ ಪಾಡಿಗೆ ನಿಧಾನವಾಗಿ ಏಳತೊಡಗಿತು, ಒಂದೊಂದೇ ದೀಪ, ಮುಖ ತೊಳೆದು ತಲೆ ಬಾಚಿಕೊಂಡು ಬರುವವರ ಹಾಗೆ. ಅದನ್ನು ಅವಸರಪಡಿಸಲು ಬರುವುದಿಲ್ಲ. ಗಾಜಿನ ಕೋಣೆಯಿಂದ ಡಾಕ್ಟರು ಫೋನಿನಲ್ಲಿ ಕೂಗುವುದು ಕೇಳಿಸುತ್ತಿತ್ತು. ಉವರಿಯ ಮೇಜಿನ ಫೋನೂ ಇದೇ ದಾರಿಯಲ್ಲಿ ಹೋಗುವಂಥದು, ಸಿಸ್ಟರ್ ಮೊಬೈಲನ್ನು ಐಸಿಯು ಒಳಗೆ ತರುವಂತಿಲ್ಲ, ಅದು ಹೊರಗೆ ಯಾವುದೋ ಬೀರುವಿನಲ್ಲಿ ರಿಂಗಾಗುತ್ತಿತ್ತು. ಅವನು ನೆಲದ ಮೇಲೆ ಮಂಡಿಯೂರಿ ಕುಳಿತಿದ್ದ. ನಾಲ್ಕು ನಿಮಿಷ ಎಂದರೆ ಎಷ್ಟು ಉದ್ದ ಎಂದು ಅವನಿಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಅವನು ಬರೆದದ್ದೆಲ್ಲ ಸೆಕೆಂಡುಗಳು.

ಗಾಜಿನ ಕೋಣೆಯ ಪರದೆಗೆ ಚಿತ್ರ ಬಂದಾಗ ಅವನು ಅಲ್ಲಿಯ ಬಾಗಿಲಿಗೆ ಓಡಿ ಬಂದಿದ್ದ, ಮೊದಲು ಧ್ವನಿ ಇರಲಿಲ್ಲ. ನರ್ಸು ಅಮಲೋರ್ಪವಂ ಕ್ಯಾಮೆರಾದ ತೀರ ಹತ್ತಿರ ಬಂದು ಬಾಯಿ ಆಡಿಸುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಧ್ವನಿ ಬಂತು. "...ಹಾಕಿಬಿಟ್ಟೆ ಡಾಕ್ಟರ್, ನಾನೇ ಹಾಕಿಬಿಟ್ಟೆ. ನಲವತ್ತಕ್ಕೆ ಇಳೀತು. ಇಂಜೆಕ್ಷನ್ ಕೊಡ್ಲಾ ಅಂತ ಎಷ್ಟು ಸಲ ಕೇಳ್ದೆ. ನೀವು ನನ್ನೇ ನೋಡ್ತಿದ್ರಿ. ನಗ್ತಾ ಇದ್ರಿ. ಏನೋ ಯೋಚನೆ ಮಾಡ್ತಿದೀರಿ ಅಂದ್ಕೊಂಡೆ. ಆಮೇಲೆ ಗಾಜು ಬಡಿದೆ..." ಪಕ್ಕದಲ್ಲಿ ಅಂಕಿ ಅರುವತ್ತೆಂಟು ಎಂದಿತ್ತು. ಎಪ್ಪತ್ತೊಂದಾಯಿತು. "ಸರಿಯಾಗೇ ಕೊಟ್ಟಿದೀಯ," ಎಂದರು ಡಾಕ್ಟರು, ಮತ್ತೆ ಮತ್ತೆ, "ಸರಿಯಾಗೇ ಕೊಟ್ಟಿದೀಯಮ್ಮಾ."

ಮೊಗಸಾಲೆಯ ತಿರುವಿನಲ್ಲಿ ಚೆಳಿಯನ್ ಅವನ ರಟ್ಟೆ ಹಿಡಿದ. ಮುಖ ಬಿಳಿಚಿಕೊಂಡಿತ್ತು, ಅವನೂ ಹೆದರಿದ್ದಾನೆ ಎಂಬುದನ್ನು ದೇವಸಹಾಯಂ ಮೊದಲ ಸಲ ಕಂಡ. "ಉವರಿ ಕಡೆ ಕೇಬಲ್ ತೊಂದ್ರೆ ಅಂದ್ಬಿಡೋಣ. ಒಂದೇ ಮಾತು. ನಿಮಗೂ ಒಳ್ಳೇದು, ನನಗೂ ಒಳ್ಳೇದು." ವಸುಮತಿ ಅಷ್ಟರಲ್ಲಿ ಪುಸ್ತಕ ಹಿಡಿದುಕೊಂಡು ಬಂದಳು. ಉವರಿಯ ಕಡೆ ಕೇಬಲ್ ಎಂದರೆ ತಪ್ಪು ಆ ಕಡೆಯವರದಾಗುತ್ತದೆ, ಆಗ ಆಸ್ಪತ್ರೆಯವರು ಮೊದಲು ಕೇಳುವುದು ಆ ನರ್ಸನ್ನೇ, ಹೇಳದೆ ಕೇಳದೆ ಯಾಕೆ ಇಂಜೆಕ್ಷನ್ ಕೊಟ್ಟೆ ಎಂದು. ಇದು ಅವನಿಗೆ ಹೊಳೆದದ್ದು ಧೈರ್ಯದಿಂದಲ್ಲ. ಇನ್ನೊಂದು ಸುಳ್ಳನ್ನು ಹೊರಲಾರದೆ ಅವನು ರಟ್ಟೆ ಬಿಡಿಸಿಕೊಂಡು ವಸುಮತಿಯ ಕಡೆ ತಿರುಗಿದ.

"ನಾನು ಪರೀಕ್ಷೆ ಮಾಡ್ಲಿಲ್ಲ ಮೇಡಂ. ಸುಮ್ನೆ ಸಹಿ ಹಾಕಿದೆ."

"ಯಾವ ಸಲ?"

"ಏಳು ಸಲವೂ. ಹನ್ನೊಂದು ಸೆಕೆಂಡು ಅಂತ ಬರ್ದಿರೋದೂ ಸುಳ್ಳು."

ಅವಳು ಬರೆದುಕೊಂಡಳು. ಬೈಯಲಿಲ್ಲ. ಮಧ್ಯಾಹ್ನ ಎರಡಕ್ಕೆ, ಮುದುಕನ ನಾಡಿ ನೆಲೆ ನಿಂತ ಮೇಲೆ, ಅವಳ ಎದುರಿಗೇ ಅವನು ಎರಡನೆಯದಕ್ಕೆ ಆ ಒಂದು ಸಾಲು ಬರೆದು ಗುಂಡಿ ಒತ್ತಿದ. ಆ ಸಲಕ್ಕೆಂದು ಐಸಿಯು ಒಳಗೆ ತರಿಸಿದ ಮೊಬೈಲಿನಲ್ಲಿ ಡಾಕ್ಟರು ಅಮಲೋರ್ಪವಂಳನ್ನು ಹಿಡಿದುಕೊಂಡಿರುವಾಗ ಮೊದಲನೆಯದನ್ನು ಮತ್ತೆ ಆರಿಸಿದರು. ಆರಿಸಿದ್ದು ಚೆಳಿಯನ್, ಇವನ ಕೈಗೆ ಕೊಡಲಿಲ್ಲ. ಹತ್ತು ಸೆಕೆಂಡು ಅಂಕಿ ನಿಂತು, ಆಮೇಲೆ ಎಪ್ಪತ್ತಾರು ಎಪ್ಪತ್ತೆಂಟಾಯಿತು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡವೆಂದು ಕಾಗದ ಕೊಟ್ಟರು. ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಅವನು ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಮನೆಯ ಕಡೆ ಹೋಗುವ ಬಸ್ಸು ಬಂತು, ಹೋಯಿತು. ಅವನು ತಿಸೈಯನ್‌ವಿಳೆಯ ಬಸ್ಸು ಹತ್ತಿ, ಅಲ್ಲಿ ಇಳಿದು ಉವರಿಯ ಬಸ್ಸು ಹತ್ತಿದ. ಯಾಕೆ ಹೋಗುತ್ತಿದ್ದೇನೆ ಎಂದು ಕೇಳಿಕೊಳ್ಳದಂತೆ ಇಡೀ ದಾರಿ ಕಿಟಕಿಯ ಹೊರಗಿನ ತಾಳೆಮರಗಳನ್ನು ಎಣಿಸುತ್ತಿದ್ದ.

ಉವರಿಯ ಆಸ್ಪತ್ರೆಯನ್ನು ಅವನು ನೋಡಿದ್ದೇ ಇಲ್ಲ. ಎಂಟು ತಿಂಗಳಿಂದ ಅದು ಅವನಿಗೆ ನೂರ ಹದಿನಾಲ್ಕನೆಯ ಸಾಲು. ಈಗ ನೋಡಿದರೆ ನೀಲಿ ಬಣ್ಣ ಸುಲಿದ ಒಂದು ಕಟ್ಟಡ, ಮೆಟ್ಟಿಲಿನ ಮೇಲೆ ಮರಳು, ಒಳಗೆಲ್ಲ ಒಣಮೀನಿನ ವಾಸನೆ. ಅಮಲೋರ್ಪವಂ ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳಿ. ಅವನು ತಾನು ಯಾರು ಎಂದು ಹೇಳಿದಾಗ ಅವಳು ಅವನ ಕೈಗಳನ್ನು ನೋಡಿದಳು. "ಲೈನ್ ಹೋಗಿದ್ದು ನಿಮ್ಮಿಂದ ಅಂತ ಬರ್ಕೊಡ್ತೀರಾ? ಇಂಜೆಕ್ಷನ್ ವಿಷಯಕ್ಕೆ ನನಗೂ ಕಾಗದ ಬರತ್ತೆ."

"ಬರ್ಕೊಟ್ಟು ಬಂದಿದೀನಿ ಸಿಸ್ಟರ್. ಇನ್ನೊಂದು ಬೇಕಾದ್ರೂ ಬರ್ಕೊಡ್ತೀನಿ."

ಐಸಿಯು ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಇವರ ಮಾತಿನಲ್ಲಿ ಪಾಳೆಯಂಕೋಟೆ ಎಂಬ ಶಬ್ದ ಕೇಳಿ ಎದ್ದು ನಿಂತಳು. ಮರಿಯಂತೋಣಿಯ ಹೆಂಡತಿ. ಕಿವಿಯ ಹಾಲೆ ಭುಜದವರೆಗೆ ಜೋತಿದ್ದ ಮುದುಕಿ. ಅವಳು ಎರಡೂ ಕೈ ಜೋಡಿಸಿದಳು. "ಪೆಟ್ಟಿಗೆಯೊಳಗಿನ ಡಾಕ್ಟರ ಕಡೆಯವ್ರಾ? ನೀವೇ ಅಲ್ವಾ ತಂಬಿ, ಇವರನ್ನ ಉಳಿಸಿದ್ದು? ನಿಮ್ ಮಕ್ಕಳು ಮರಿ ಚೆನ್ನಾಗಿರ್ಲಿ."

ಅಮಲೋರ್ಪವಂ ಅವನನ್ನು ನೋಡಿದಳು. ಸಹಾಯಕ್ಕೆ ಬರಲಿಲ್ಲ.

"ಇಲ್ಲಮ್ಮಾ. ಉಳಿಸಿದ್ದು ಈ ಸಿಸ್ಟರ್. ಇವತ್ತು ಅಷ್ಟು ಹೊತ್ತು ಆ ಪೆಟ್ಟಿಗೆ ಕೆಟ್ಟಿತ್ತಲ್ಲ, ಅದು ನನ್ನಿಂದ. ಕೆಡುತ್ತೆ ಅಂತ ಗೊತ್ತಿತ್ತು ನನಗೆ. ಗೊತ್ತಿದ್ದೂ ಹೇಳ್ಲಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಜೋಡಿಸಿದ ಕೈಗಳು ನಿಧಾನವಾಗಿ ಬಿಟ್ಟುಕೊಂಡವು. ಕೂಗುತ್ತಾಳೆ, ಸುತ್ತಲಿನವರು ಸೇರುತ್ತಾರೆ, ಹೊಡೆಯಬಹುದು ಎಂದು ಅವನು ಕಾದ. ಹೊಡೆದರೆ ಒಳ್ಳೆಯದಿತ್ತು.

"ಯಾಕಪ್ಪಾ?" ಎಂದಳು.

ಬೆಳಗಿನಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಹೆದರಿಕೆ ಅಮ್ಮಾ," ಎಂದ.

"ಯಾರ ಹೆದರಿಕೆ?"

ಅವನು ಹೇಳಲು ಹುಡುಕಿದ. ಸರ್ಜನ್ನರ ಮುಖ ತಂದುಕೊಂಡ, ಅದು ಸಾಲಲಿಲ್ಲ. ಚೆಳಿಯನ್‌ನ ಮುಖ ತಂದುಕೊಂಡ, ಮೊಗಸಾಲೆಯಲ್ಲಿ ಬಿಳಿಚಿಕೊಂಡಿದ್ದ ಆ ಮುಖದಿಂದ ಯಾರು ತಾನೆ ಹೆದರುತ್ತಾರೆ? ಎದುರಿಗೆ ನಿಂತ ಈ ಮುದುಕಿಗೆ ಹೇಳಬಹುದಾದ ಒಂದು ಹೆಸರೂ ಸಿಗಲಿಲ್ಲ. ಅವಳು ಬೆಂಚಿನ ಮೇಲೆ ಕೂತು ತನ್ನ ಚೀಲವನ್ನು ಈಚೆಗೆ ಎಳೆದುಕೊಂಡು ಜಾಗ ಮಾಡಿದಳು.

"ಕೂತ್ಕೋ. ನನ್ನ ಹತ್ರ ಹೇಳಿ ಏನು ಬಂತು? ಅವರು ಮಲಗಿದಾರೆ. ಎದ್ದ ಮೇಲೆ ಅವರಿಗೇ ಹೇಳು."

ಅವನು ಕೂತ. ಬಾಗಿಲಿನ ಆಚೆ ಯಂತ್ರದ ಸದ್ದು ಒಂದೇ ಸಮನೆ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಯಾರೋ ಕೆಮ್ಮಿದರು, ಮಂಚ ಕಿರುಗುಟ್ಟಿತು, ಒಂದು ಒರಟು ಧ್ವನಿ ನೀರು ಕೇಳಿತು. ಮುದುಕಿ ಎದ್ದಳು. ಬಾಗಿಲು ತಳ್ಳಿ ಹಿಡಿದುಕೊಂಡು, ಬಾ ಎಂದು ಅವನ ಕಡೆ ನೋಡುತ್ತಾ ನಿಂತಳು.